ಎಣಿಸಿ ಆಡಿದ ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

ಈ ಗಾದೆಯನ್ನು ನಾವು ಎರಡು ತುಂಡು ಮಾಡಿ ಬಳಸುತ್ತೇವೆ. ಹೊಟ್ಟೆ ಕೆಡಿಸಿಕೊಂಡವರಿಗೆ ಮೊದಲರ್ಧ, ಬಾಯಿ ಹರಿಬಿಟ್ಟವರಿಗೆ ಉಳಿದರ್ಧ. ಆದರೆ ಎರಡೂ ಒಂದೇ ನಾಲಿಗೆಯ ಕೆಲಸ, ಎರಡಕ್ಕೂ ಬೇಕಾದದ್ದು ಒಂದೇ ಹದ. ಇಡೀ ಗಾದೆ ಒಟ್ಟಿಗೇ ಬೇಕಾಗುವ ಸಂದರ್ಭವೊಂದು ಈಗ ನಮ್ಮ ಕಾಲೇಜಿನ ಮಕ್ಕಳಿಗೆ ಒದಗಿದೆ: ಉದ್ಯಮಿಗಳೂ ಹೂಡಿಕೆದಾರರೂ ಕೂತ ಔತಣಕೂಟದಲ್ಲಿ ತಮ್ಮ ವ್ಯಾಪಾರದ ಯೋಚನೆ ಮಂಡಿಸುವುದು, ಅವರ ಮಾತಿನಲ್ಲಿ ‘ಪಿಚ್’ ಮಾಡುವುದು.

ಹುಬ್ಬಳ್ಳಿಯ ಅಂಥದೊಂದು ಕೂಟಕ್ಕೆ ನನ್ನ ವಿದ್ಯಾರ್ಥಿನಿಯೊಬ್ಬಳ ಜೊತೆ ಹೋಗಿದ್ದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಡಿಯುವ ಜೋಳದ ಖಡಕ್ ರೊಟ್ಟಿಯನ್ನು ಬೆಂಗಳೂರು, ಪುಣೆಯ ಮನೆಗಳಿಗೆ ಮುಟ್ಟಿಸಬೇಕು ಎಂಬುದು ಅವಳ ಯೋಚನೆ. ಪಸೆ ಆರಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಆದರೆ ದಾರಿಯಲ್ಲಿ ಒಡೆಯುತ್ತದೆ.

ಮೊದಲು ಊಟದ ಮಾತು. ಮೇಜಿನ ಮೇಲೆ ಸಾಲಾಗಿಟ್ಟ ಚಮಚ, ಫೋರ್ಕುಗಳನ್ನು ಕಂಡೇ ಎಷ್ಟೋ ಮಕ್ಕಳು ಅರ್ಧ ಧೈರ್ಯ ಕಳೆದುಕೊಳ್ಳುತ್ತಾರೆ. ಹೊರಗಿನದರಿಂದ ಶುರುಮಾಡಿ ಒಳಗಿನದಕ್ಕೆ ಬರಬೇಕು, ಇಷ್ಟೇ ನಿಯಮ. ಕಲಿಯಲು ಐದು ನಿಮಿಷ ಸಾಕು. ಹೆಚ್ಚು ಮುಖ್ಯವಾದದ್ದು ಹೊತ್ತು ಅರಿಯುವುದು. ಎದುರಿನವರು ನಾಲ್ಕು ತುತ್ತು ಉಣ್ಣುವ ಮೊದಲೇ ಲಾಭ–ನಷ್ಟದ ಲೆಕ್ಕ ತೆಗೆದರೆ ಅವರಿಗೆ ಊಟವೂ ರುಚಿಸದು, ಮಾತೂ ಹಿಡಿಸದು. ನನ್ನ ವಿದ್ಯಾರ್ಥಿನಿ ಪಕ್ಕದಲ್ಲಿ ಕೂತ ಹಿರಿಯ ವ್ಯಾಪಾರಿಯನ್ನು ಮೊದಲು ಅವರ ಊರಿನ ಬಗ್ಗೆ ಕೇಳಿದಳು, ಅವರ ಕಡೆಯ ಜೋಳದ ಬಗ್ಗೆ ಕೇಳಿದಳು. ರೊಟ್ಟಿಯ ವಿಷಯ ತಾನಾಗಿಯೇ ಬಂತು.

ಅವಳು ಬಾಯಿಪಾಠ ಮಾಡಿಕೊಂಡಿದ್ದನ್ನು ತಪ್ಪಿಲ್ಲದೆ ಹೇಳಿ ಮುಗಿಸಿದಳು. ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ತಂಗೀ, ನೂರು ರೊಟ್ಟಿ ಕಳಿಸಿದ್ರ ಎಷ್ಟು ಒಡೀತಾವು?”

ಅವಳು ಒಂದು ಗಳಿಗೆ ಸುಮ್ಮನಾದಳು. “ಅದನ್ನ ಇನ್ನೂ ಎಣಿಸಿಲ್ರಿ ಸರ್. ಎಣಿಸಿ ಹೇಳ್ತೀನ್ರಿ.”

ಹಿರಿಯರು ಚಮಚ ಕೆಳಗಿಟ್ಟು ಅವಳ ಕಡೆ ತಿರುಗಿ ಕೂತರು. ನೂರರಲ್ಲಿ ಎಂಟು ಒಡೆದರೆ ಉಳಿದ ತೊಂಬತ್ತೆರಡು ರೊಟ್ಟಿ ಇಡೀ ನೂರರ ಹಿಟ್ಟು, ಉರುವಲು, ಕೂಲಿ, ಸಾಗಣೆಯ ಖರ್ಚನ್ನು ಹೊರಬೇಕು ಎಂದು ವಿವರಿಸಿದರು. ಪ್ಯಾಕೆಟ್ಟಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ ಇರಲೇಬೇಕೆಂದು ನೆನಪಿಸಿದರು. ಬಾಯಿಗೆ ಬಂದ ಅಂಕಿಯೊಂದನ್ನು ಅವಳು ಹೇಳಿಬಿಟ್ಟಿದ್ದರೆ ಈ ಪಾಠ ಅವಳಿಗೆ ಸಿಗುತ್ತಿರಲಿಲ್ಲ.

ಇನ್ನು ಜಗಳದ ಮಾತು. ಗಾದೆಯನ್ನು ಕೇಳಿ, ನಯವಾಗಿ ಮಾತಾಡಿದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ವ್ಯಾಪಾರದಲ್ಲಿ ಜಗಳ ಹುಟ್ಟುವುದು ಒರಟು ಮಾತಿನಿಂದ ಮಾತ್ರವಲ್ಲ, ಅರೆಬರೆ ಮಾತಿನಿಂದಲೂ ಹುಟ್ಟುತ್ತದೆ. ‘5 ಲಕ್ಷ ಕೊಡಿ, ಶೇಕಡಾ 10 ಪಾಲು ಕೊಡುತ್ತೇನೆ’ ಎಂದು ಊಟದ ಹುರುಪಿನಲ್ಲಿ ಒಬ್ಬ ಹುಡುಗ ಹೇಳಿದನೆನ್ನಿ. ಆ ಹಣವೂ ಸೇರಿದ ಮೇಲೆ ತನ್ನ ವ್ಯಾಪಾರದ ಒಟ್ಟು ಬೆಲೆ 50 ಲಕ್ಷ ಎಂದು ಅವನು ಸಾರಿದ ಹಾಗಾಯಿತು. ಹೇಗೆ ಎಂದು ಕೇಳಿದರೆ ಉತ್ತರ ಬೇಕು.

ಗೆಳೆಯರು ಸೇರಿ ಶುರುಮಾಡುವಾಗಲೂ ಇದೇ ಎಚ್ಚರ ಬೇಕು. ಯಾರಿಗೆಷ್ಟು ಎಂಬ ಒಪ್ಪಂದವೇ ಇಲ್ಲದಿದ್ದರೆ 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಲಾಭದಲ್ಲಿ ಎಲ್ಲರದೂ ಸಮಪಾಲು. ಹಗಲಿರುಳು ದುಡಿದವನಿಗೂ ಹೆಸರಿಗಷ್ಟೇ ಇದ್ದವನಿಗೂ ಒಂದೇ. ದುಡಿಮೆಗೆಂದು ಬೇರೆ ಸಂಬಳವೂ ಇಲ್ಲ. ‘ನಮ್ಮ ನಮ್ಮಲ್ಲಿ ಲೆಕ್ಕ ಯಾಕೆ’ ಎಂದು ಸಂಕೋಚಪಟ್ಟ ಎಷ್ಟೋ ಗೆಳೆತನಗಳು ಇಲ್ಲಿಯೇ ಮುರಿದಿವೆ. ಒಪ್ಪಿದ್ದನ್ನು ಬರೆದಿಡುವುದು ಅಪನಂಬಿಕೆಯ ಗುರುತಲ್ಲ, ಸ್ನೇಹವನ್ನು ಕಾಯುವ ಕ್ರಮ.

ಸ್ಲೈಡು ಮಾಡುವುದನ್ನು, ಸಮಯಕ್ಕೆ ಸರಿಯಾಗಿ ಮುಗಿಸುವುದನ್ನು ನಮ್ಮ ಕಾಲೇಜುಗಳು ಚೆನ್ನಾಗಿಯೇ ಕಲಿಸುತ್ತಿವೆ. ಜೊತೆಗೆ ಈ ಮೂರನ್ನೂ ಕಲಿಸಲಿ: ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುವುದು, ಎಣಿಸಿದ ಮೇಲಷ್ಟೇ ಅಂಕಿ ಹೇಳುವುದು, ಕೈ ಕುಲುಕುವ ಮೊದಲು ಬರೆದಿಡುವುದು. ಹಣ ಆ ರಾತ್ರಿಯೇ ಸಿಗದಿರಬಹುದು. ಆದರೆ ಹೀಗೆ ಮಾತಾಡಿದವರನ್ನು ವ್ಯಾಪಾರಸ್ಥರು ಇನ್ನೊಮ್ಮೆ ಕರೆದು ಕೂರಿಸಿಕೊಳ್ಳುತ್ತಾರೆ.