ಪೆಟ್ಟಿಗೆಯ ಮೇಲಿನ ಹೆಸರು

ಅನುಕರಣೆ ತಪ್ಪೇ? ದೊಡ್ಡವರು ಗ್ರಂಥಗಳಲ್ಲಿ ಚರ್ಚಿಸಿರುವ ಈ ಪ್ರಶ್ನೆ ನಮಗೆ ಎದುರಾದದ್ದು 1984ರಲ್ಲಿ, ಪುರಸೈವಾಕ್ಕಂನ ಒಂದು ವಠಾರದ ಹಿತ್ತಿಲಲ್ಲಿ, ಪ್ಲೈವುಡ್ಡಿನ ಒಂದು ಪೆಟ್ಟಿಗೆಯ ಮುಂದೆ ಕುಳಿತಿದ್ದಾಗ.

ಈ ಊರನ್ನು ಇನ್ನೂ ಮದರಾಸೆಂದೇ ಕರೆಯುತ್ತಿದ್ದ ಕಾಲ ಅದು. ಕನ್ನಡ ಚಿತ್ರಗೀತೆಗಳು ಬಹುಕಾಲ ಇಲ್ಲಿನ ಸ್ಟುಡಿಯೋಗಳಲ್ಲೇ ಧ್ವನಿಮುದ್ರಣಗೊಂಡವೆಂಬುದು ವಾಚಕರಿಗೆ ತಿಳಿದದ್ದೇ. ಆ ಹಾಡುಗಳನ್ನು ರಾಜ್ಯೋತ್ಸವಕ್ಕೂ ಗಣೇಶೋತ್ಸವಕ್ಕೂ ನುಡಿಸುತ್ತಿದ್ದ ಗೆಳೆಯರ ಗುಂಪೊಂದು ನಮ್ಮದು. ಹಳೆಯದೊಂದು ಎಲೆಕ್ಟ್ರಿಕ್ ಆರ್ಗನ್ ನಮ್ಮಲ್ಲಿತ್ತು. ಶ್ರುತಿಯೇನೋ ಶುದ್ಧ, ಆದರೆ ಸ್ವರ ಇಸ್ತ್ರಿ ಹಾಕಿದ ಬಟ್ಟೆಯಂತೆ ಚಪ್ಪಟೆ. ಗಮಕಕ್ಕೆ ಒಗ್ಗಿದ ಕಿವಿಗೆ ಅದು ಸಪ್ಪೆ.

ಈ ಕೊರತೆ ನಮಗಿಂತ ಮೊದಲೇ ಒಬ್ಬರಿಗೆ ಕಾಡಿತ್ತು. ಅಮೆರಿಕದ ಲಾರೆನ್ಸ್ ಹ್ಯಾಮಂಡ್ ತನ್ನ ವಿದ್ಯುತ್ ಆರ್ಗನ್ನನ್ನು 1935ರಲ್ಲಿ ಮಾರುಕಟ್ಟೆಗೆ ತಂದ. ಕ್ಯಾಲಿಫೋರ್ನಿಯಾದ ಡಾನ್ ಲೆಸ್ಲಿ ಎಂಬಾತ ಅದನ್ನು ಅಂಗಡಿಯ ದೊಡ್ಡ ಹಜಾರದಲ್ಲಿ ಕೇಳಿ ಮೆಚ್ಚಿ 1937ರಲ್ಲಿ ಕೊಂಡ. ಮನೆಯ ಕೋಣೆಯಲ್ಲಿ ನುಡಿಸಿದಾಗ ಆ ಗಾಂಭೀರ್ಯವೇ ಇರಲಿಲ್ಲ. ಚರ್ಚಿನ ಕೊಳವೆ ಆರ್ಗನ್ನಿನ ನಾದ ಹಲವು ಕಡೆಗಳಿಂದ ಹೊಮ್ಮುತ್ತದೆ. ಇದರದು ಒಂದೇ ಕಡೆಯಿಂದ. ಹಾಗಾದರೆ ನಾದ ಹೊರಡುವ ಬಾಯನ್ನೇ ತಿರುಗಿಸಿದರೆ ಹೇಗೆ ಎಂದು ಆತ ಯೋಚಿಸಿದ. ಮೇಲೆ ತಿರುಗುವ ಕಹಳೆ, ಕೆಳಗೆ ತಿರುಗುವ ಡ್ರಮ್ಮು, ಸುತ್ತ ಮರದ ಪೆಟ್ಟಿಗೆ. ಹೀಗೆ ಹುಟ್ಟಿದ ಸ್ಪೀಕರು 1941ರಲ್ಲಿ ಮಾರಾಟಕ್ಕೆ ಬಂತು.

ಇದರ ಗುಟ್ಟು ಪೆರಂಬೂರಿನ ರೈಲುಗಳನ್ನು ಕೇಳಿದವರಿಗೆಲ್ಲ ಗೊತ್ತು. ಹತ್ತಿರ ಬರುವಾಗ ಏರಿದ್ದ ಸೀಟಿ ದಾಟಿ ಹೋದೊಡನೆ ಇಳಿಯುತ್ತದೆ. ಡಾಪ್ಲರ್ 1842ರಲ್ಲಿ ಈ ತತ್ತ್ವವನ್ನು ಹೇಳಿದ. 1845ರಲ್ಲಿ ಹಾಲೆಂಡಿನಲ್ಲಿ ರೈಲಿನ ಮೇಲೆ ಕಹಳೆಯವರನ್ನು ಕೂರಿಸಿ ಅದನ್ನು ಪರೀಕ್ಷಿಸಿದರು. ಡ್ರಮ್ಮಿನ ಬಾಯಿ ನಡುವಿನಿಂದ ಅರ್ಧ ಅಡಿ ದೂರದಲ್ಲಿದ್ದು ನಿಮಿಷಕ್ಕೆ 400 ಸುತ್ತು ತಿರುಗಿದರೆ ಅದರ ವೇಗ ಸೆಕೆಂಡಿಗೆ ಸುಮಾರು 6 ಮೀಟರು. ಶಬ್ದದ ವೇಗ ಸುಮಾರು 340 ಮೀಟರು. ಆದ್ದರಿಂದ ಶ್ರುತಿ ನೂರಕ್ಕೆ ಎರಡು ಪಾಲಿನೊಳಗೆ ಏರಿಳಿಯುತ್ತದೆ. ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಇರುವ ಅಂತರ ಸುಮಾರು ಆರು ಪಾಲು. ಎಂದರೆ ಸ್ವರ ಮನೆ ಬಿಡುವುದಿಲ್ಲ, ಹೊಸ್ತಿಲವರೆಗೂ ಹೋಗುವುದಿಲ್ಲ, ಇದ್ದಲ್ಲೇ ತೂಗುತ್ತದೆ.

ಅಂಥ ಪೆಟ್ಟಿಗೆಯನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ, ಮಾಡಲು ಹೊರಟೆವು. ಸ್ಪೀಕರು, ತಂತಿ ರಿಚ್ಚಿ ಸ್ಟ್ರೀಟಿನಿಂದ ಬಂದವು. ರಾಟೆ, ಪಟ್ಟಿ ಮೂರ್ ಮಾರ್ಕೆಟ್ಟಿನಿಂದ. (ಆ ಮಾರ್ಕೆಟ್ಟು ಮರುವರ್ಷವೇ, 1985ರಲ್ಲಿ, ಬೆಂಕಿಗೆ ಆಹುತಿಯಾಯಿತು.) ಸ್ಪೀಕರನ್ನು ಕೆಳಮುಖವಾಗಿ ಕೂರಿಸಿ, ಅದರಡಿಯಲ್ಲಿ ಒಂದು ಪಕ್ಕ ಬಾಯಿ ತೆರೆದ ಡ್ರಮ್ಮನ್ನು ಸೈಕಲ್ಲಿನ ಹಬ್ಬಿನ ಮೇಲೆ ನಿಲ್ಲಿಸಿದೆವು. ತಿರುಗಿಸುವುದಕ್ಕೆ ಅತ್ತಿಗೆಯವರ ಹೊಲಿಗೆ ಯಂತ್ರದ ಮೋಟಾರು; ಅದರ ಕಾಲು ಪೆಡಲಿನಿಂದ ವೇಗವನ್ನು ಹೆಚ್ಚು ಕಡಿಮೆ ಮಾಡಬಹುದಿತ್ತು. ಮೊದಲ ದಿನ ಡ್ರಮ್ಮು ಒಂದು ಕಡೆ ಭಾರವಾಗಿ ಪೆಟ್ಟಿಗೆಯೇ ನಡುಗಿತು. ಹಗುರವಾದ ಕಡೆಗೆ ನಾಲ್ಕಾಣೆ ನಾಣ್ಯಗಳನ್ನು ಅಂಟಿಸುತ್ತ ಮೂರು ಸಂಜೆ ಕಳೆದೆವು. ನಾಲ್ಕನೆಯ ಸಂಜೆ ಸ್ವರ ತೂಗಿತು. ವಠಾರದವರೆಲ್ಲ ಬಾಗಿಲಿಗೆ ಬಂದರು.

ಇಲ್ಲಿಯವರೆಗೆ ಅನುಕರಣೆಯೇ, ಆದರೆ ಇದರಲ್ಲಿ ನಾಚಿಕೆಪಡುವಂಥದೇನೂ ಇರಲಿಲ್ಲ. ಲೆಸ್ಲಿಯೂ ಚರ್ಚಿನ ಆರ್ಗನ್ನನ್ನು ಅನುಕರಿಸಲು ಹೊರಟವನೇ. ಅದು ಪೂರ್ತಿ ಕೈಗೂಡಲಿಲ್ಲ, ಕೈಗೂಡದ ಕಡೆಯಲ್ಲೇ ಹೊಸದೊಂದು ನಾದ ಹುಟ್ಟಿತು. 1966ರಲ್ಲಿ ಬೀಟಲ್ಸ್ ತಂಡದವರು ಮನುಷ್ಯನ ಕಂಠವನ್ನೇ ಆ ಪೆಟ್ಟಿಗೆಯ ಮೂಲಕ ಹಾಯಿಸಿದರು.

ತಪ್ಪು ನಡೆದದ್ದು ಆಮೇಲೆ. ಹಿತೈಷಿಯೊಬ್ಬರು ವಿದೇಶಿ ಕಂಪೆನಿಯ ಹೆಸರಿನ ಹಳೆಯ ಫಲಕವೊಂದನ್ನು ತಂದುಕೊಟ್ಟು, "ಇದನ್ನು ಬಡಿಯಿರಿ, ಕರೆಯುವವರು ದುಡ್ಡೂ ಜಾಸ್ತಿ ಕೊಡುತ್ತಾರೆ, ಮರ್ಯಾದೆಯೂ ಜಾಸ್ತಿ" ಎಂದರು. ಎರಡು ಸ್ಕ್ರೂ ಹಾಕಿ ಕೂರಿಸಿದೆವು. ಅತ್ತಿಗೆಯವರು ನೋಡಿ, "ಒಳಗಿರೋದು ನನ್ನ ಮೋಟಾರು. ಅದಕ್ಕೆ ಯಾರದೋ ಹೆಸರು ಯಾಕ್ರಪ್ಪಾ?" ಎಂದರು. ನಾವು ನಕ್ಕೆವು.

ಮುಂದಿನ ಕಾರ್ಯಕ್ರಮದಲ್ಲಿ ವೇಪೇರಿಯ ಕಡೆಯ ಹಿರಿಯರೊಬ್ಬರು, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು, ಕೊನೆಯವರೆಗೂ ಕುಳಿತು ಕೇಳಿ ವೇದಿಕೆಯ ಹತ್ತಿರ ಬಂದರು. ಫಲಕವನ್ನು ಓದಿದರು. "ನನ್ನ ಮನೆಯಲ್ಲೂ ಒಂದು ಆರ್ಗನ್ ಇದೆ. ಇಂಥದ್ದನ್ನು ಕೊಳ್ಳಲಾರೆ. ಮನೆಯಲ್ಲೇ ಮಾಡಿಕೊಳ್ಳಲು ಸಾಧ್ಯವೇ?" ಎಂದು ಕೇಳಿದರು. ಹಬ್ಬು, ರಾಟೆ, ನಾಣ್ಯ, ಪೆಡಲು, ಎಲ್ಲವೂ ನಮ್ಮ ನಾಲಿಗೆಯ ತುದಿಯಲ್ಲಿತ್ತು. ಫಲಕ ಬಾಯಿ ಕಟ್ಟಿತು. "ಮನೆಯಲ್ಲಿ ಮಾಡುವುದು ಆಗದ ಮಾತು, ಸಾರ್" ಎಂದೆವು. ಅವರು ತಲೆಯಾಡಿಸಿ ಹೊರಟುಹೋದರು. ಮರುದಿನವೇ ಫಲಕವನ್ನು ಕಿತ್ತೆವು. ಆದರೆ ಅವರ ಹೆಸರನ್ನಾಗಲಿ ಮನೆಯನ್ನಾಗಲಿ ನಾವು ಕೇಳಿಟ್ಟುಕೊಂಡಿರಲಿಲ್ಲ.

ಸುಳ್ಳು ಹೆಸರಿನಿಂದ ಯಾರಿಗೆ ನಷ್ಟ ಎಂದು ಕೇಳುವವರುಂಟು. ಕೇಳುಗರಿಗೆ ಒಳ್ಳೆಯ ನಾದವೇ ಸಿಕ್ಕಿತಲ್ಲ? ಪರರ ಹೆಸರನ್ನು ಬಳಸುವುದು ತಪ್ಪು ಎಂಬುದು ಕಾನೂನಿನ ಉತ್ತರ, ಅದು ಸರಿಯೇ. ನಮಗೆ ತಿಳಿದದ್ದು ಅದಕ್ಕಿಂತ ಹತ್ತಿರದ ಮಾತು. ನಾವು ಕಷ್ಟಪಟ್ಟು ಕಲಿತದ್ದನ್ನು ಇನ್ನೊಬ್ಬರಿಗೆ ಕೊಡುವ ಹಕ್ಕನ್ನು ಆ ಫಲಕ ನಮ್ಮಿಂದ ಕಸಿದುಕೊಂಡಿತು. ಅನುಕರಿಸಿದವನು ನಿಜ ಹೇಳಿದರೆ ಗುರುವಾಗಬಲ್ಲ. ಮುಚ್ಚಿಟ್ಟರೆ, ಗೊತ್ತಿದ್ದೂ ಮೂಕ. ಲೆಸ್ಲಿಯ ಪೆಟ್ಟಿಗೆಯೂ ಮೊದಲ ವರ್ಷಗಳಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗಿತ್ತು. ಹ್ಯಾಮಂಡ್ ಅದನ್ನು ಒಪ್ಪಿರಲೇ ಇಲ್ಲ. ಕೊನೆಗೆ ನಿಂತದ್ದು ಮಾಡಿದವನ ಹೆಸರು. 1980ರಲ್ಲಿ ಹ್ಯಾಮಂಡ್ ಕಂಪೆನಿಯೇ ಆ ಹೆಸರನ್ನು ಹಣ ಕೊಟ್ಟು ಕೊಂಡಿತು.

ಹೊರನಾಡಿನ ನಮಗೆ ಇದು ಪೆಟ್ಟಿಗೆಯ ವಿಷಯ ಮಾತ್ರವಲ್ಲ. ನಮ್ಮ ಮನೆಯ ಕನ್ನಡವೂ ಇಲ್ಲಿ, ಸಿಕ್ಕಿದ ಸಾಮಾನಿನಿಂದ, ಕೈಯಾರೆ ಕಟ್ಟಿದ್ದು. ಅದರಲ್ಲಿ ತಮಿಳಿನ ಎಳೆಗಳಿವೆ. ಸಂಘದ ವೇದಿಕೆ ಹತ್ತಿಸುವಾಗ ನಾವು ಮಗುವಿಗೆ ಅಚ್ಚುಕಟ್ಟಾದ ಭಾಷಣವನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತೇವೆ. ಚಪ್ಪಾಳೆ ಬೀಳುತ್ತದೆ. ಕೆಳಗಿಳಿದ ಮೇಲೆ ಯಾರಾದರೂ ಪ್ರೀತಿಯಿಂದ, "ಊಟ ಆಯಿತೇನಮ್ಮ?" ಎಂದು ಕೇಳಿದರೆ ಮಗು ತಡವರಿಸಿ ಅಮ್ಮನ ಮುಖ ನೋಡುತ್ತದೆ. ತನ್ನ ಮನೆಯ ಮಾತು ಇಲ್ಲಿ ಸಲ್ಲದು ಎಂದು ನಾವೇ ಅದಕ್ಕೆ ಕಲಿಸಿರುತ್ತೇವೆ. ಒಳ್ಳೆಯ ಕನ್ನಡವನ್ನು ಅನುಕರಿಸಲಿ. ಅನುಕರಿಸದೆ ಯಾವ ಭಾಷೆಯೂ ಬರುವುದಿಲ್ಲ. ಆದರೆ ಅನುಕರಣೆ ಮುಗಿಯುವವರೆಗೆ ಮಗುವಿನ ಸ್ವಂತ ಮಾತಿನ ಬಾಯಿ ಕಟ್ಟುವುದು ಬೇಡ.

ಆ ಪೆಟ್ಟಿಗೆ ಗೆದ್ದಲು ಹಿಡಿದು ಹೋಯಿತು. ಮೋಟಾರು ಮಾತ್ರ ಅತ್ತಿಗೆಯವರ ಯಂತ್ರಕ್ಕೆ ಮರಳಿ ಬಹಳ ವರ್ಷ ದುಡಿಯಿತು. ಈಗಲೂ ಯಾರಿಗಾದರೂ ಅಂಥದೊಂದನ್ನು ಕಟ್ಟುವ ಮನಸ್ಸಿದ್ದರೆ ಬಂದು ಕೇಳಬಹುದು. ನಾಣ್ಯಗಳನ್ನು ಎಲ್ಲಿ ಅಂಟಿಸಬೇಕೆಂಬುದು ಸೇರಿದಂತೆ ಎಲ್ಲವನ್ನೂ ಹೇಳುತ್ತೇವೆ.