ಮಡಿಕೆ ತಪ್ಪಿದ ಮೇಲೆ

ಬೇಯಿಸಿದ ಮೊಟ್ಟೆಯ ಬಿಳಿಭಾಗ ಆರಿದ ಮೇಲೂ ಮತ್ತೆ ತಿಳಿಯಾಗುವುದಿಲ್ಲ. ಅದರಲ್ಲಿದ್ದ ಪ್ರೋಟೀನುಗಳ ಮಡಿಕೆ ಶಾಖಕ್ಕೆ ಬಿಚ್ಚಿಕೊಂಡು, ಎಳೆಗಳು ಒಂದಕ್ಕೊಂದು ಸಿಕ್ಕುಬಿದ್ದಿರುತ್ತವೆ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ನಮ್ಮ ಶರೀರದ ಬಹುಪಾಲು ಪ್ರೋಟೀನುಗಳು ತಮಗೆ ತಕ್ಕ ಆಕಾರಕ್ಕೆ ಮಡಿಚಿಕೊಂಡಾಗಲೇ ಕೆಲಸಕ್ಕೆ ಬರುತ್ತವೆ.

ಆ ಆಕಾರವನ್ನು ಕೊಡುವವರು ಯಾರು? ಅಮೆರಿಕದ ವಿಜ್ಞಾನಿ ಕ್ರಿಶ್ಚಿಯನ್ ಆನ್‌ಫಿನ್ಸನ್ 124 ಮಣಿಗಳಿರುವ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ಪರೀಕ್ಷಿಸಿದರು. ಯೂರಿಯಾ ಮತ್ತು ಇನ್ನೊಂದು ರಾಸಾಯನಿಕ ಬೆರೆಸಿ ಅದರ ಮಡಿಕೆಯನ್ನೂ, ಅದನ್ನು ಬಿಗಿದಿದ್ದ ನಾಲ್ಕು ಗಂಧಕದ ಬೆಸುಗೆಗಳನ್ನೂ ಬಿಡಿಸಿದರು. ಪ್ರೋಟೀನು ಕೆಲಸ ನಿಲ್ಲಿಸಿತು. ಆ ರಾಸಾಯನಿಕಗಳನ್ನು ತೆಗೆದಾಗ ಅದು ತಾನಾಗಿಯೇ ಮೊದಲಿನಂತೆ ಮಡಿಚಿಕೊಂಡು ಕೆಲಸಕ್ಕೆ ತೊಡಗಿತು. ಎಂಟು ತುದಿಗಳನ್ನು ನಾಲ್ಕು ಜೋಡಿ ಮಾಡಲು 105 ಬಗೆಗಳಿವೆ. ಅದು ಸರಿಯಾದ ಒಂದನ್ನೇ ಹುಡುಕಿಕೊಂಡಿತು! 1961ರ ವೇಳೆಗೆ ನಡೆದ ಈ ಸಂಶೋಧನೆಗೆ 1972ರಲ್ಲಿ ನೊಬೆಲ್ ಪಾರಿತೋಷಕ ಬಂತು. ಹೊರಗಿನ ಅಚ್ಚು ಬೇಕಿಲ್ಲ, ರೂಪ ಸರದೊಳಗೇ ಅಡಗಿದೆ ಎಂಬ ಮಾತು ಗುರುಮಠದಲ್ಲಿ ಅರಿಸ್ಟಾಟಲನನ್ನು ಓದಿದವರಿಗೆ ಹಬ್ಬದೂಟವೇ ಸರಿ.

ಜೀವಕೋಶದೊಳಗೆ ಮಾತ್ರ ಬಹಳ ಇಕ್ಕಟ್ಟು. ಹೊಸ ಸರವು ನೆರೆಯ ಸರಗಳಿಗೆ ಅಂಟಿಕೊಳ್ಳದಂತೆ ಚಾಪರೋನ್ ಎಂಬ ಸಹಾಯಕ ಪ್ರೋಟೀನುಗಳು ಕಾಯುತ್ತವೆ. ಆದರೂ ಮಡಿಕೆ ಕೂಡಿಬರದಿದ್ದರೆ ಜೀವಕೋಶ ಅದಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚಿ, ಒಡೆದು ಚೂರುಮಾಡಿ, ಮಣಿಗಳನ್ನು ಬೇರೆಡೆ ಬಳಸುತ್ತದೆ. ಕೆಲಸಕ್ಕೆ ಬಾರದ್ದಕ್ಕೆ ಅಲ್ಲಿ ಜಾಗವಿಲ್ಲ. ಇದು ಕ್ರೌರ್ಯವೇನೂ ಅಲ್ಲ. ಹಾಗೆ ಮಾಡದಿದ್ದರೆ ನಾವು ಬದುಕುವುದಿಲ್ಲ.

ಆದರೆ ಇದೇ ನಿಯಮ ನಮ್ಮ ಮನೆಗಳಿಗೂ ನುಸುಳುತ್ತಿದೆ. ಆಲ್ಝೈಮರ್ ಕಾಯಿಲೆಯವರ ಮಿದುಳಿನಲ್ಲಿ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ತಪ್ಪಾಗಿ ಮಡಿಚಿ ಗಂಟುಕಟ್ಟುತ್ತವೆ. ಅವೇ ಮೂಲ ಕಾರಣವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ನೆನಪು ಅಳಿಯುವುದಂತೂ ನಿಜ. "ಇವರು ನಮ್ಮಪ್ಪ ಅಲ್ಲ ಗುರುಗಳೇ, ಅಪ್ಪ ಯಾವತ್ತೋ ಹೋದರು" ಎನ್ನುವ ಮಕ್ಕಳಿದ್ದಾರೆ. ಅವರ ದುಃಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಮಾತನ್ನು ಒಪ್ಪಲಾರೆ.

ಆತ್ಮವೇ ಶರೀರದ ರೂಪ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ನೆನಪು ಆತ್ಮದ ಒಂದು ಶಕ್ತಿ, ಆತ್ಮವೇ ಅಲ್ಲ. ಮಿದುಳು ಕೆಟ್ಟಾಗ ಆ ಶಕ್ತಿ ಕೆಲಸ ಮಾಡದೆ ಹೋಗಬಹುದು. ಆದರೆ ಉಸಿರಾಡುವ, ಹಸಿಯುವ, ತಣ್ಣೀರಿಗೆ ನಡುಗುವ ಈ ಶರೀರಕ್ಕೆ ಜೀವ ಕೊಟ್ಟಿರುವುದು ನಿಮ್ಮನ್ನು ಹೆಗಲಮೇಲೆ ಹೊತ್ತು ಜಾತ್ರೆ ತೋರಿಸಿದವರ ಅದೇ ಆತ್ಮ. ಪ್ರೋಟೀನಿನ ಬೆಲೆ ಅದರ ಕೆಲಸದಲ್ಲಿದೆ. ತಂದೆಯ ಬೆಲೆಯನ್ನು ಹಾಗೆ ಅಳೆಯಲು ನಮಗೆ ಅಧಿಕಾರವಿಲ್ಲ.

ಬರೆಯುವುದು ಸುಲಭ ಎನ್ನುತ್ತೀರಿ. ಹೌದು, ರಾತ್ರಿ ಮೂರು ಸಲ ಎದ್ದು ಬಟ್ಟೆ ಬದಲಿಸುವವಳು ಮನೆಯ ಸೊಸೆ. ದೂರದೂರಿನಿಂದ ಹಣ ಕಳುಹಿಸಿ ಕರ್ತವ್ಯ ಮುಗಿಯಿತೆಂದುಕೊಂಡ ಮಕ್ಕಳು ಬರುವ ರಜೆಯಲ್ಲಿ ಎರಡು ವಾರ ಆ ಪಾಳಿಯನ್ನು ತಾವೇ ವಹಿಸಿಕೊಳ್ಳಲಿ.

ಇನ್ನೊಂದು ಪ್ರಶ್ನೆಯನ್ನು ಹಲವರು ಕೇಳುತ್ತಾರೆ: "ಅಮ್ಮನಿಗೆ ಏನೂ ತಿಳಿಯುವುದಿಲ್ಲ, ಪರಮಪ್ರಸಾದ ಕೊಡಬಹುದೇ?" ಜೀವನವಿಡೀ ಭಕ್ತಿಯಿಂದ ಸ್ವೀಕರಿಸಿದವರು ಅವರು. ನುಂಗಲು ಆಗುವಂತಿದ್ದು, ಬೇಡವೆಂದು ಮುಖ ತಿರುಗಿಸದಿದ್ದರೆ ಧಾರಾಳವಾಗಿ ಕೊಡಬಹುದು. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ, ಮನೆಗೇ ತರುತ್ತಾರೆ.