ಬಿಡದ ಬ್ರೇಕು

ಕಳೆದ ಬೇಸಗೆಯಲ್ಲಿ ವಿಜಯಪುರದಿಂದ ಸೊಲ್ಲಾಪುರಕ್ಕೆ ಹೊರಟಿದ್ದೆ. ಹೊರ್ತಿಯ ಹತ್ತಿರ ನನ್ನ ಹಳೆಯ ಡೀಸೆಲ್ ಜೀಪು ತೆವಳತೊಡಗಿತು. ಎಷ್ಟು ತುಳಿದರೂ ವೇಗವೇರದು. ಮುಪ್ಪು ಬಂತು, ಎಂಜಿನ್ ಸೋತಿತು ಎಂದುಕೊಂಡೆ.

ಊರಿನ ಮಿಸ್ತ್ರಿ ಹಾಗೆಂದುಕೊಳ್ಳಲಿಲ್ಲ. ಗಾಳಿಯ ಫಿಲ್ಟರಿನಲ್ಲಿ ಧೂಳಿಲ್ಲ, ಡೀಸೆಲ್ ಫಿಲ್ಟರಿನಲ್ಲಿ ಕಸವಿಲ್ಲ, ಕ್ಲಚ್ಚು ಜಾರುತ್ತಿಲ್ಲ ಎಂದು ಒಂದೊಂದಾಗಿ ನೋಡಿದ. ಬಳಿಕ ಬಗ್ಗಿ ಗಾಲಿಗಳ ಬಳಿ ಕೈಯೊಡ್ಡಿದ. ಹಿಂದಿನ ಒಂದು ಡ್ರಮ್ಮು ಕಾದ ಹಂಚಿನಂತಾಗಿತ್ತು. “ಎಂಜಿನ್‌ದಾಗ ದಮ್ ಐತ್ರಿ ಸರ, ಬ್ರೇಕ್ ಬಿಡವಲ್ದ್ರಿ” ಎಂದ. ನಾನು ತುಳಿದಷ್ಟೂ ಬ್ರೇಕಿನ ಶೂ ಡ್ರಮ್ಮಿಗೆ ಉಜ್ಜಿ ಬಿಸಿಯೇ ಹೆಚ್ಚುತ್ತಿತ್ತು.

ನನಗೆ ನೆನಪಾದವನು ನನ್ನ ತರಗತಿಯ ಒಬ್ಬ ಹುಡುಗ. ಮಂದನೆಂದು ಅವನನ್ನು ಎಲ್ಲರೆದುರು ಜರೆದಿದ್ದೆ; ಇನ್ನಷ್ಟು ಓದೆಂದು ಗದರಿಸಿದ್ದೆ. ಪಂಪಿಗೆ ಕರೆಂಟು ಬರುವುದು ರಾತ್ರಿಯೆಂದು ಅವನು ನಿದ್ದೆಗೆಟ್ಟು ನಿಂಬೆಯ ತೋಟಕ್ಕೆ ನೀರು ಬಿಡುತ್ತಿದ್ದ. ಅದು ನನಗೆ ತಿಳಿದದ್ದು ಅವನು ಕಾಲೇಜು ಬಿಟ್ಟ ಮೇಲೆ.

ಇನ್ನೊಬ್ಬರ ನಿಧಾನವನ್ನು ಅಳೆಯುವ ಹಕ್ಕು ನಮಗುಂಟೆ? ಉಂಟೆಂದಾದರೆ, ಮೊದಲು ಬಗ್ಗಿ ಗಾಲಿ ಮುಟ್ಟಿ ನೋಡುವ ಹೊಣೆಯೂ ನಮ್ಮದೇ.

ಮಿಸ್ತ್ರಿ ಡ್ರಮ್ಮು ಬಿಚ್ಚಿ ಶೂ ಸಡಿಲಿಸಿದ. ಜೀಪು ಓಡಿತು. ಆ ಹುಡುಗ ಮಾತ್ರ ಮರಳಿ ಬರಲಿಲ್ಲ.